ಶಾಲೆಯ ಜಗಲಿಗೂ ಪಾಠಯೋಜನೆಯಲ್ಲಿ ಜಾಗ ಬೇಕು

ಬೋಧನಾಭ್ಯಾಸಕ್ಕೆ ಹೊರಡುವ ಪ್ರಶಿಕ್ಷಣಾರ್ಥಿಯ ಪಾಠಯೋಜನೆಯ ಮೊದಲ ಪುಟವನ್ನು ಗಮನಿಸಿ. ತರಗತಿ, ವಿಷಯ, ಘಟಕ, ದಿನಾಂಕ, ಅವಧಿ, ಮಕ್ಕಳ ಸಂಖ್ಯೆ, ಬೋಧನೋಪಕರಣ ಎಲ್ಲಕ್ಕೂ ಅಲ್ಲಿ ಅಂಕಣಗಳಿವೆ. ಪಾಠ ನಡೆಯುವ ಜಾಗಕ್ಕೆ ಮಾತ್ರ ಅಂಕಣವಿಲ್ಲ. ಪಾಠವೆಂದರೆ ನಾಲ್ಕು ಗೋಡೆಗಳ ನಡುವೆ, ಕಪ್ಪುಹಲಗೆಯ ಮುಂದೆ ನಡೆಯುವಂಥದ್ದು ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ಮೇಲ್ವಿಚಾರಕರಾದ ನಾವೂ ಅಷ್ಟೇ. ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಅವಲೋಕನ ಪಟ್ಟಿಯಲ್ಲಿ ಪೀಠಿಕೆ, ನಿರೂಪಣೆ, ಪ್ರಶ್ನಿಸುವಿಕೆ, ಮುಕ್ತಾಯ ಎಂದು ಗುರುತು ಹಾಕಿ ಎದ್ದು ಬರುತ್ತೇವೆ. ಬರುವಾಗಲೂ ಹೋಗುವಾಗಲೂ ಒಂದು ಜಾಗವನ್ನು ದಾಟುತ್ತೇವೆ, ಆದರೆ ಅದರ ಬಗ್ಗೆ ಒಂದು ಸಾಲೂ ಬರೆಯುವುದಿಲ್ಲ. ಆ ಜಾಗ ಶಾಲೆಯ ಜಗಲಿ.

ಜಗಲಿಯನ್ನು ಹೊಗಳಿ ಹಳೆಯ ಕಾಲಕ್ಕೆ ಮರಳೋಣ ಎನ್ನುವುದು ಈ ಬರಹದ ಉದ್ದೇಶವಲ್ಲ. ನನ್ನ ವಾದ ಮೂರು ಮಾತಿನದು. ಜಗಲಿ ಒಂದು ಕಲಿಕೆಯ ಜಾಗ, ಆದ್ದರಿಂದ ಪಾಠಯೋಜನೆಯಲ್ಲಿ ಅದಕ್ಕೆ ಸ್ಥಾನವಿರಬೇಕು. ಜಗಲಿಯಲ್ಲಿ ಮಗು ಏನು ಮಾತನಾಡುತ್ತದೆ ಎಂಬುದನ್ನು ಕೇಳದೆ ತರಗತಿಯಲ್ಲಿ ಅದು ಏಕೆ ಮಾತನಾಡುವುದಿಲ್ಲ ಎಂದು ತೀರ್ಮಾನಿಸಬಾರದು. ಜಗಲಿ ಎಂದಿಗೂ ಶಿಕ್ಷೆಯ ಜಾಗವಾಗಬಾರದು. ಈ ಮೂರನ್ನೂ ನಮ್ಮ ಮಾರಿಕುಪ್ಪಂ, ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆ ಸುತ್ತಿನ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಿದ್ದೇನೆ.

ಒಂದು ಜಾಗಕ್ಕೆ ಹಲವು ಹೆಸರು

ಕನ್ನಡದಲ್ಲಿ ನಾವು ಜಗಲಿ ಅಥವಾ ಜಗುಲಿ ಎನ್ನುತ್ತೇವೆ. ಕರಾವಳಿಯವರಿಗೆ ಅದು ಚಾವಡಿಯ ನೆರೆಯದು, ಉತ್ತರ ಕರ್ನಾಟಕದವರಿಗೆ ಕಟ್ಟೆಯೊಡನೆ, ಪಡಸಾಲೆಯೊಡನೆ ಸೇರಿದ್ದು. ನಮ್ಮ ಗಣಿಪ್ರದೇಶದ ಮಕ್ಕಳಲ್ಲಿ ಬಹಳಷ್ಟು ಮಂದಿ ಮನೆಯಲ್ಲಿ ತಮಿಳು ಆಡುತ್ತಾರೆ. ಅವರಿಗೆ ಅದು ತಿಣ್ಣೈ. ತೆಲುಗು ಮನೆಯ ಮಗುವಿಗೆ ಅರುಗು, ಉರ್ದು ಮನೆಯ ಮಗುವಿಗೆ ಬರಾಮದಾ. ಶಾಲೆಯ ಕಡತದಲ್ಲಿ ಅದು ವರಾಂಡ. ಈ ವರಾಂಡ ಎಂಬ ಪದವೂ ಊರೂರು ಸುತ್ತಿದ್ದೇ. ಹಿಂದಿ, ಬಂಗಾಳಿ, ಪೋರ್ಚುಗೀಸ್ ಮಾತುಗಳಲ್ಲಿ ಅದರ ರೂಪಗಳಿವೆ, ಇಂಗ್ಲಿಷಿಗೆ ಅದು ಹೋದದ್ದು ಭಾರತದಿಂದಲೇ.

ಪದಗಳ ಈ ಪಟ್ಟಿಯೇ ಒಂದು ಭಾಷಾಪಾಠ. ಐದನೆಯ ತರಗತಿಯ ಮಕ್ಕಳನ್ನು ಜಗಲಿಗೆ ಕರೆತಂದು “ನಿಮ್ಮ ಮನೆಯಲ್ಲಿ ಇದಕ್ಕೆ ಏನೆನ್ನುತ್ತಾರೆ?” ಎಂದು ಕೇಳಿದರೆ ಸಾಕು, ನಾಲ್ಕು ಭಾಷೆಗಳ ಪದಗಳು ಐದು ನಿಮಿಷದಲ್ಲಿ ಹಲಗೆಯ ಮೇಲೆ ಬರುತ್ತವೆ. ಇಲ್ಲಿ ಉತ್ತರ ತಪ್ಪಾಗುವ ಭಯ ಯಾರಿಗೂ ಇಲ್ಲ. ತನ್ನ ಮನೆಯ ಪದವನ್ನು ಕನ್ನಡ ಲಿಪಿಯಲ್ಲಿ ಹಲಗೆಯ ಮೇಲೆ ಕಂಡ ಮಗುವಿಗೆ ಕನ್ನಡದ ಅಕ್ಷರ ಹೊರಗಿನದು ಎನಿಸುವುದಿಲ್ಲ. ಬಹುಭಾಷಿಕತೆ ಎಂಬ ಪದವನ್ನು ನಾವು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಎಷ್ಟೋ ಸಲ ಬರೆಸುತ್ತೇವೆ. ಅದರ ಅಭ್ಯಾಸ ಇಷ್ಟು ಸರಳವಾಗಿ ಆರಂಭವಾಗಬಹುದು.

ಜಗಲಿಯಲ್ಲೇ ಇದ್ದ ಶಾಲೆ

ಶಾಲೆಗೆ ಜಗಲಿ ಬಂದದ್ದಕ್ಕಿಂತ ಮೊದಲು ಜಗಲಿಯೇ ಶಾಲೆಯಾಗಿತ್ತು. ಮನೆಯ ಮುಂಭಾಗದಲ್ಲೋ ಗುಡಿಯ ಮಂಟಪದಲ್ಲೋ ಮಠದ ಪಡಸಾಲೆಯಲ್ಲೋ ಐಗಳು ಕುಳಿತು ಮಕ್ಕಳಿಗೆ ಓದು, ಬರಹ, ಲೆಕ್ಕ ಹೇಳಿಕೊಡುತ್ತಿದ್ದ ಪದ್ಧತಿಯನ್ನು ನಾವು ಕೂಲಿಮಠ ಎಂದು ಓದಿದ್ದೇವೆ. ತಮಿಳುನಾಡಿನಲ್ಲಿ ಅಂಥವಕ್ಕೆ ತಿಣ್ಣೈ ಶಾಲೆ ಎಂದೇ ಹೆಸರು. ಮದರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೋ 1822ರಲ್ಲಿ ಪ್ರಾಂತ್ಯದ ಶಾಲೆಗಳ ಲೆಕ್ಕ ಕೇಳಿದಾಗ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರಲ್ಲಿ ಕಳಿಸಿದ ವರದಿ ಶಿಕ್ಷಣದ ಇತಿಹಾಸದಲ್ಲಿ ಹೆಸರಾದದ್ದು. ಆ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು, ಅವುಗಳಲ್ಲಿ 6,641 ಮಕ್ಕಳು ಓದುತ್ತಿದ್ದರು. 235 ಶಾಲೆಗಳು ಕನ್ನಡದವು, 226 ತೆಲುಗಿನವು, ಉಳಿದವು ಮರಾಠಿ, ಸಂಸ್ಕೃತ, ಪಾರಸಿ, ತಮಿಳು, ಇಂಗ್ಲಿಷಿನವು. ಲೆಕ್ಕ ಮಾಡಿದರೆ ಶಾಲೆಗೆ ಸರಾಸರಿ 12 ಮಕ್ಕಳು. ಅಷ್ಟು ಮಂದಿಗೆ ದೊಡ್ಡ ಕಟ್ಟಡ ಬೇಕಿರಲಿಲ್ಲ, ಒಂದು ಜಗಲಿ ಸಾಕಾಗುತ್ತಿತ್ತು.

ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ಮುಂದಿರುವ ಮಗು ಹಿಂದಿರುವ ಮಗುವಿಗೆ ಕಲಿಸುವುದು ಈ ಶಾಲೆಗಳ ರೀತಿ. ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮದರಾಸಿನಲ್ಲಿ ಇದನ್ನು ಕಂಡು, ತಾನು ನಡೆಸುತ್ತಿದ್ದ ಅನಾಥಾಲಯದ ಶಾಲೆಯಲ್ಲಿ ಬಳಸಿ, 1797ರಲ್ಲಿ ಇಂಗ್ಲೆಂಡಿನಲ್ಲಿ ಪುಸ್ತಕ ಪ್ರಕಟಿಸಿದ. ನಾವು ಶಿಕ್ಷಣದ ಇತಿಹಾಸದಲ್ಲಿ ಮಾನಿಟರ್ ಪದ್ಧತಿ, ಮದರಾಸು ಪದ್ಧತಿ ಎಂದು ಓದುವುದು ಇದನ್ನೇ. ಗೆಳೆಯರಿಂದ ಕಲಿಕೆ ಎಂಬ ಇಂದಿನ ಮಾತಿಗೆ ಜಗಲಿಯ ಮಣ್ಣು ಅಂಟಿದೆ.

ಆದರೆ ಈ ಇತಿಹಾಸವನ್ನು ಹೇಳುವಾಗ ಇನ್ನೊಂದು ಮಾತನ್ನು ಮುಚ್ಚಿಡಬಾರದು. ಆ ಜಗಲಿಗಳನ್ನು ಏರಲು ಎಲ್ಲರಿಗೂ ಅವಕಾಶವಿರಲಿಲ್ಲ. ಹೆಣ್ಣುಮಕ್ಕಳು ಬಹಳ ಕಡಿಮೆ. ಅಸ್ಪೃಶ್ಯರೆಂದು ದೂರವಿಟ್ಟ ಸಮುದಾಯಗಳ ಮಕ್ಕಳಿಗೆ ಮೇಲ್ಜಾತಿಯವರ ಮನೆಯ ಜಗಲಿ ಮುಟ್ಟಬಾರದ ಜಾಗವಾಗಿತ್ತು. ಮನೆಯ ಒಳಗೆ ಯಾರು, ಜಗಲಿಯವರೆಗೆ ಯಾರು, ಅಂಗಳದಲ್ಲೇ ನಿಲ್ಲಬೇಕಾದವರು ಯಾರು ಎಂಬುದನ್ನು ಊರು ಬರೆಯದ ಕಾನೂನಿನಂತೆ ಪಾಲಿಸುತ್ತಿತ್ತು. ಜಗಲಿ ಜನರನ್ನು ಸೇರಿಸಿದಂತೆ ಬೇರೆ ಮಾಡುತ್ತಲೂ ಇತ್ತು. ಶಿಕ್ಷಕರಾಗುವವರು ಈ ಎರಡು ಮುಖಗಳನ್ನೂ ನೆನಪಿಟ್ಟುಕೊಳ್ಳಬೇಕು.

ತೀರ ಈಚಿನ ನೆನಪೂ ಒಂದಿದೆ. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, 2020ರ ಆಗಸ್ಟ್‌ನಲ್ಲಿ ನಮ್ಮ ರಾಜ್ಯದಲ್ಲಿ ವಿದ್ಯಾಗಮ ಆರಂಭವಾಯಿತು. ಶಿಕ್ಷಕರು ಮನೆಯ ಜಗಲಿ, ಗುಡಿಯ ಆವರಣ, ಮರದ ನೆರಳು ಹುಡುಕಿಕೊಂಡು ಹೋಗಿ ಪಾಠ ಮಾಡಿದರು. ಸೋಂಕಿನ ಆತಂಕದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆ ಕೆಲವು ವಾರಗಳಲ್ಲಿ ನಮಗೆ ಎರಡು ಸಂಗತಿ ತಿಳಿದವು. ಕಟ್ಟಡವಿಲ್ಲದೆಯೂ ಪಾಠ ನಡೆಯುತ್ತದೆ. ಆದರೆ ಯಾರ ಮನೆಯ ಜಗಲಿ, ಆ ಜಗಲಿಗೆ ಊರಿನ ಎಲ್ಲ ಮಕ್ಕಳೂ ಬರುತ್ತಾರೆಯೇ ಎಂಬ ಹಳೆಯ ಪ್ರಶ್ನೆ ಇನ್ನೂ ಸತ್ತಿಲ್ಲ.

ಗಣಿಯೂರಿನ ಎರಡು ಬಗೆಯ ಜಗಲಿ

ಮಾರಿಕುಪ್ಪಂಗೆ ಬೋಧನಾಭ್ಯಾಸಕ್ಕೆ ಬರುವ ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಗೆ ಇಷ್ಟು ಒಳ್ಳೆಯ ಪಾಠಸಾಮಗ್ರಿ ಬೇರೆ ಕಡೆ ಸಿಗುವುದು ಕಷ್ಟ. 1880ರ ಹೊತ್ತಿಗೆ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿಗಾರಿಕೆಗೆ ಇಳಿಯಿತು. 1894ರಲ್ಲಿ ಅಂದಿನ ಬೌರಿಂಗ್‌ಪೇಟೆ, ಇಂದಿನ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂತು. ಗಣಿಯ ಅಧಿಕಾರಿಗಳಿಗಾಗಿ ಬಂಗಲೆಗಳು ಎದ್ದವು. ಅವುಗಳ ಮುಂದೆ, ಕೆಲವಕ್ಕೆ ಸುತ್ತಲೂ, ಅಗಲವಾದ ವರಾಂಡ. ಅಲ್ಲಿ ಕುರ್ಚಿ, ಹೂವಿನ ಕುಂಡ, ಸಂಜೆಯ ಚಹಾ. ಕಾರ್ಮಿಕರಿಗೆ ಲೈನುಗಳು, ಮೊದಮೊದಲು ಬಿದಿರು ತಟ್ಟಿಯ ಗೋಡೆ, ತಗಡಿನ ಸೂರು. ಒಂದಕ್ಕೊಂದು ಅಂಟಿದ ಸಾಲುಮನೆಗಳಲ್ಲಿ ಒಳಗಿನ ಕೋಣೆಯೇ ಚಿಕ್ಕದಾಗಿದ್ದರಿಂದ ಬದುಕು ಬಾಗಿಲ ಮುಂದಕ್ಕೆ ಚೆಲ್ಲಿತು. ಮುಂದಕ್ಕೆ ಒಂದು ತಗಡು ಇಳಿಸಿ, ಎರಡು ಕಂಬ ನೆಟ್ಟು, ನೆಲಕ್ಕೆ ಕಲ್ಲು ಹಾಸಿದರೆ ಅದೇ ಜಗಲಿ. ಅಡುಗೆಗೆ ಅಕ್ಕಿ ಆರಿಸುವುದು, ಮಕ್ಕಳು ಓದುವುದು, ಕೆಲಸ ಮುಗಿಸಿ ಬಂದವರು ಕುಳಿತು ದಣಿವಾರಿಸಿಕೊಳ್ಳುವುದು ಎಲ್ಲ ಅಲ್ಲೇ. ನೆಲದಡಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿದ್ದ ಚಾಂಪಿಯನ್ ರೀಫ್ ಗಣಿಯಿಂದ ಮೇಲೆ ಬಂದವನಿಗೆ ಗಾಳಿ ಸುಳಿಯುವ ಮನೆಮುಂದಿನ ನೆರಳು ಎಂದರೆ ಏನಾಗಿದ್ದಿರಬಹುದು ಎಂಬುದನ್ನು ಮಕ್ಕಳೇ ಊಹಿಸಲಿ.

ಬಂಗಲೆಯ ವರಾಂಡ, ಲೈನಿನ ಜಗಲಿ ಎರಡೂ ಬಿಸಿಲು ಮಳೆಗಳನ್ನು ತಡೆಯುತ್ತವೆ, ಎರಡೂ ಒಳಗು ಹೊರಗುಗಳ ನಡುವೆ ಇವೆ. ಆದರೆ ಒಂದರಲ್ಲಿ ಜಾಗ ಮಿಕ್ಕಿತ್ತು, ಇನ್ನೊಂದರಲ್ಲಿ ಜಾಗ ಸಾಲದೆ ಹೊರಗೆ ಬಂದದ್ದು. ಈ ಎರಡರ ರೇಖಾಚಿತ್ರಗಳನ್ನು ಪಕ್ಕಪಕ್ಕ ಇಟ್ಟು “ಇದರಲ್ಲಿ ಯಾರು ಕೂರುತ್ತಿದ್ದರು? ಯಾರು ನಿಲ್ಲುತ್ತಿದ್ದರು? ಯಾರು ಕಾಯುತ್ತಿದ್ದರು?” ಎಂದು ಮೂರು ಪ್ರಶ್ನೆ ಕೇಳಿದರೆ ವಸಾಹತು ಕಾಲದ ಸಮಾಜವನ್ನು ಕುರಿತು ಪಠ್ಯಪುಸ್ತಕದ ಎರಡು ಪುಟಗಳಿಗಿಂತ ಹೆಚ್ಚು ಮಕ್ಕಳಿಗೆ ಹೊಳೆಯುತ್ತದೆ. ಮನೆಗೆ ಹೋಗಿ ಅಜ್ಜ ಅಜ್ಜಿಯರನ್ನು ಕೇಳಿ ಬರುವ ಕೆಲಸವನ್ನೂ ಕೊಡಬಹುದು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಗಣಿಯಲ್ಲಿ ದುಡಿದವರ ನೆನಪು ಇನ್ನೂ ಜೀವಂತವಾಗಿದೆ, ಆದರೆ ವರ್ಷದಿಂದ ವರ್ಷಕ್ಕೆ ಅಂಥವರು ಕಡಿಮೆಯಾಗುತ್ತಿದ್ದಾರೆ. ಈ ಪಾಠವನ್ನು ಮುಂದೂಡುವಂತಿಲ್ಲ.

ಹೊಸ್ತಿಲಲ್ಲಿ ನಿಂತುಹೋಗುವ ಮಾತು

ಗಣಿ ಮುಚ್ಚಿದ ಮೇಲೆ ಈ ಊರಿನ ದಿನಚರಿಯೇ ಬದಲಾಯಿತು. ಬೆಳಗಿನ ಜಾವದ ರೈಲುಗಳಲ್ಲಿ ಇಲ್ಲಿಂದ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವವರು ಸಾವಿರಾರು ಮಂದಿ. ಹೆತ್ತವರು ಹೊರಟ ಮೇಲೆ ಮನೆಯಲ್ಲಿ ಇರಲಾರದೆ ಗಂಟೆ ಹೊಡೆಯುವುದಕ್ಕಿಂತ ಬಹಳ ಮೊದಲೇ ಶಾಲೆಗೆ ಬಂದು ಕೂರುವ ಮಕ್ಕಳು ಇಲ್ಲಿಯ ಶಾಲೆಗಳಿಗೆ ಹೊಸಬರಲ್ಲ. ಬೀಗ ಹಾಕಿದ ಕೋಣೆಗಳ ಮುಂದೆ ಅವರಿಗಿರುವುದು ಜಗಲಿಯೊಂದೇ. ಶಾಲೆಯ ದಿನ ನಮ್ಮ ವೇಳಾಪಟ್ಟಿಯಲ್ಲಿ ಪ್ರಾರ್ಥನೆಯಿಂದ ಆರಂಭವಾದರೆ ಆ ಮಕ್ಕಳಿಗೆ ಅದಕ್ಕಿಂತ ಒಂದು ಗಂಟೆ ಮೊದಲೇ ಆರಂಭವಾಗಿರುತ್ತದೆ.

ಆ ಒಂದು ಗಂಟೆಯಲ್ಲಿ ಅವರು ಏನು ಮಾಡುತ್ತಾರೆ? ಮಾತನಾಡುತ್ತಾರೆ. ಕಥೆ ಕಟ್ಟುತ್ತಾರೆ, ಜಗಳವಾಡುತ್ತಾರೆ, ಆಟದ ನಿಯಮ ಮಾಡಿ ಅದನ್ನು ಮುರಿದವರೊಡನೆ ವಾದ ಹೂಡುತ್ತಾರೆ, ಗೋಲಿಯ ಲೆಕ್ಕ ಇಡುತ್ತಾರೆ, ದೊಡ್ಡವರ ಧ್ವನಿಯನ್ನು ಅಣಕಿಸುತ್ತಾರೆ. ಕಾರಣ ಕೊಡುವುದು, ಕ್ರಮವಾಗಿ ಹೇಳುವುದು, ಊಹಿಸುವುದು, ಮನವೊಲಿಸುವುದು ಮುಂತಾಗಿ ನಾವು ಕಲಿಕಾಫಲಗಳ ಪಟ್ಟಿಯಲ್ಲಿ ಬರೆಯುವ ಸಾಮರ್ಥ್ಯಗಳೆಲ್ಲ ಅಲ್ಲಿ ಕಾಣುತ್ತವೆ. ಅದು ತಮಿಳಿನಲ್ಲೋ ತೆಲುಗಿನಲ್ಲೋ ಉರ್ದುವಿನಲ್ಲೋ, ಎಲ್ಲ ಕಲೆಸಿದ ಗಣಿಯೂರಿನದೇ ಮಾತಿನಲ್ಲೋ ಇರುತ್ತದೆ. ಗಂಟೆ ಹೊಡೆದು ಹೊಸ್ತಿಲು ದಾಟಿದೊಡನೆ ಅದೇ ಮಗು ಮೌನವಾಗುತ್ತದೆ. ಹೊರ ಜಿಲ್ಲೆಯಿಂದ ಬಂದ ಪ್ರಶಿಕ್ಷಣಾರ್ಥಿ ಆ ಮೌನವನ್ನು ಕಂಡು ಪಾಠಯೋಜನೆಯ ಕೊನೆಯಲ್ಲಿ “ಮಕ್ಕಳ ಪ್ರತಿಕ್ರಿಯೆ ಕಡಿಮೆ, ಪೂರ್ವಜ್ಞಾನ ಸಾಲದು” ಎಂದು ಬರೆಯುತ್ತಾರೆ. ಆ ಒಂದು ಸಾಲು ಸರಿಯೇ ಎಂದು ಪರೀಕ್ಷಿಸುವ ಬಗೆ ಒಂದೇ: ಜಗಲಿಯಲ್ಲಿ ಕುಳಿತು ಕೇಳುವುದು.

ನಾವು ಹಳೆಯ ಪದ್ಧತಿಯಲ್ಲಿ ಪೀಠಿಕೆ ಎಂದೂ ಹೊಸ ಪದ್ಧತಿಯಲ್ಲಿ ತೊಡಗಿಸಿಕೊಳ್ಳುವ ಹಂತವೆಂದೂ ಹೇಳುವ ಐದು ನಿಮಿಷಗಳು ಹಲವು ಸಲ ಕೃತಕವಾಗುವುದು ಇದೇ ಕಾರಣಕ್ಕೆ. “ನೀವು ಬೆಳಿಗ್ಗೆ ಏನು ತಿಂದಿರಿ?” ಎಂದು ಕೇಳಿ, ಬಯಸಿದ ಉತ್ತರ ಬರುವವರೆಗೆ ಮಕ್ಕಳನ್ನು ಎಳೆದಾಡಿ, ಕಡೆಗೆ ತಾವೇ ಶೀರ್ಷಿಕೆ ಬರೆಯುವ ಪೀಠಿಕೆಗಳನ್ನು ನಾವೆಲ್ಲ ನೋಡಿದ್ದೇವೆ. ಹತ್ತು ನಿಮಿಷ ಮೊದಲು ಬಂದು ಜಗಲಿಯಲ್ಲಿ ಕುಳಿತವರಿಗೆ ಪೀಠಿಕೆ ಹುಡುಕುವ ಕಷ್ಟವಿಲ್ಲ. ಮಕ್ಕಳು ಆಗಲೇ ಆಡಿದ ಮಾತಿನಲ್ಲಿ ಒಂದು ಎಳೆ ಸಿಕ್ಕೇ ಸಿಗುತ್ತದೆ. ಇದಕ್ಕೆ ತಮಿಳು ಬರಬೇಕೆಂದಿಲ್ಲ. ಬಾರದವರು ಮಕ್ಕಳನ್ನೇ ಕೇಳಿ ಕಲಿಯಲಿ. ತನಗೆ ಗೊತ್ತಿರುವುದನ್ನು ಶಿಕ್ಷಕರಿಗೆ ಹೇಳಿಕೊಟ್ಟ ಮಗು ಒಳಗೆ ಬಂದ ಮೇಲೆ ಮಾತಿಗೆ ಹೆದರುವುದಿಲ್ಲ.

ನೆಲದ ಮೇಲಿನ ಬಿಸಿಲಿನ ಗೆರೆ

ಗಣಿತ ಮತ್ತು ವಿಜ್ಞಾನದವರಿಗೆ ಜಗಲಿ ಖರ್ಚಿಲ್ಲದ ಪ್ರಯೋಗಶಾಲೆ. ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಪ್ರದೇಶ ಉತ್ತರ ಅಕ್ಷಾಂಶ ಸುಮಾರು 13 ಡಿಗ್ರಿಯಲ್ಲಿದೆ. ಹಾಗಾಗಿ ಸೆಪ್ಟೆಂಬರ್ 23ರ ಸುಮಾರಿಗೆ ನಡುಮಧ್ಯಾಹ್ನದ ಸೂರ್ಯ ದಕ್ಷಿಣದ ಕಡೆ 77 ಡಿಗ್ರಿ ಎತ್ತರದಲ್ಲಿರುತ್ತಾನೆ, ಡಿಸೆಂಬರ್ 22ರ ಸುಮಾರಿಗೆ ಸುಮಾರು 53.5 ಡಿಗ್ರಿಗೆ ಇಳಿಯುತ್ತಾನೆ. ದಕ್ಷಿಣಕ್ಕೆ ಮುಖಮಾಡಿದ ಒಂದು ಜಗಲಿಯನ್ನು ತೆಗೆದುಕೊಳ್ಳೋಣ. ಅದರ ಅಗಲ 2.4 ಮೀಟರ್, ಸೂರಿನ ಅಂಚು ನೆಲದಿಂದ 2.4 ಮೀಟರ್ ಎತ್ತರದಲ್ಲಿದ್ದು ಜಗಲಿಯ ಹೊರ ಅಂಚಿನ ನೇರ ಮೇಲಿದೆ ಎಂದಿಟ್ಟುಕೊಳ್ಳಿ. ಸೆಪ್ಟೆಂಬರ್ ಮಧ್ಯಾಹ್ನದ ಬಿಸಿಲು ಹೊರ ಅಂಚಿನಿಂದ ಸುಮಾರು 55 ಸೆಂಟಿಮೀಟರ್ ಮಾತ್ರ ಒಳಗೆ ಬರುತ್ತದೆ. ಡಿಸೆಂಬರಿನಲ್ಲಿ ಸುಮಾರು 1.8 ಮೀಟರ್ ಒಳಗೆ ಬರುತ್ತದೆ, ಗೋಡೆಗೆ ಇನ್ನೂ 60 ಸೆಂಟಿಮೀಟರ್ ಇರುವಾಗಲೇ ನಿಲ್ಲುತ್ತದೆ. ಜೂನ್ 21ರ ಹೊತ್ತಿಗೆ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿದಿರುವುದರಿಂದ ಮಧ್ಯಾಹ್ನದಲ್ಲಿ ಆ ಜಗಲಿಗೆ ಬಿಸಿಲೇ ಬೀಳುವುದಿಲ್ಲ.

ವಾರಕ್ಕೊಮ್ಮೆ ಒಂದೇ ಹೊತ್ತಿಗೆ ಬಿಸಿಲು ನಿಂತ ಜಾಗದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು ದಿನಾಂಕ ಬರೆದರೆ ಮೂರು ತಿಂಗಳಲ್ಲಿ ನೆಲದ ಮೇಲೆ ಒಂದು ಪಂಚಾಂಗ ಮೂಡುತ್ತದೆ. ಆರನೆಯ ತರಗತಿಗೆ ಅದು ಅಳತೆ ಮತ್ತು ನಕ್ಷೆ, ಎಂಟನೆಯ ತರಗತಿಗೆ ಋತುಮಾನ, ಹತ್ತನೆಯ ತರಗತಿಗೆ ತ್ರಿಕೋನಮಿತಿ. ಸ್ಪರ್ಶಕದ ಕೋಷ್ಟಕ ನೋಡಿ ಲೆಕ್ಕ ಹಾಕಿದ ಉತ್ತರವನ್ನು ನೆಲದ ಗೆರೆಯೊಡನೆ ಹೋಲಿಸುವಾಗ ಆಗುವ ಸಂತೋಷ ಕಪ್ಪುಹಲಗೆಯ ಮೇಲೆ ಆಗುವುದಿಲ್ಲ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ನಮ್ಮ ಅಕ್ಷಾಂಶದಲ್ಲಿ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಏಪ್ರಿಲಿನ ದಿನ ಬೇಸಿಗೆ ರಜೆಯಲ್ಲಿ ಹೋಗುತ್ತದೆ, ಆಗಸ್ಟಿನದು ಶಾಲೆಯ ದಿನಗಳಲ್ಲಿ ಬರುತ್ತದೆ. ಮೋಡವಿಲ್ಲದಿದ್ದರೆ ಮಧ್ಯಾಹ್ನ 12 ಗಂಟೆ 20 ನಿಮಿಷದ ಸುಮಾರಿಗೆ ಜಗಲಿಯ ಮೆಟ್ಟಿಲ ಪಕ್ಕ ಒಂದು ಕೋಲು ನೆಟ್ಟಗೆ ನಿಲ್ಲಿಸಿ ನೋಡಲಿ. ಗಡಿಯಾರದ 12 ಗಂಟೆಗೂ ಸೂರ್ಯನ ಮಧ್ಯಾಹ್ನಕ್ಕೂ ಇಷ್ಟು ಅಂತರ ಏಕೆ ಎಂಬ ಪ್ರಶ್ನೆಯಿಂದ ರೇಖಾಂಶದ ಪಾಠ ತಾನಾಗಿ ಹುಟ್ಟುತ್ತದೆ.

ಜಗಲಿಗೆ ಏರುವ ಇಳಿಜಾರೂ ಪಾಠವೇ. ಗಾಲಿಕುರ್ಚಿಗೆ ಇಳಿಜಾರು ಒಂದಕ್ಕೆ ಹನ್ನೆರಡರ ಪ್ರಮಾಣದಲ್ಲಿರಬೇಕು ಎಂಬುದು ಸಾಮಾನ್ಯ ನಿಯಮ. ಜಗಲಿ ನೆಲದಿಂದ 45 ಸೆಂಟಿಮೀಟರ್ ಎತ್ತರವಿದ್ದರೆ ಇಳಿಜಾರಿನ ಉದ್ದ 5.4 ಮೀಟರ್ ಇರಬೇಕು. ಮಕ್ಕಳು ತಮ್ಮ ಶಾಲೆಯದನ್ನು ಅಳೆದು ನೋಡಲಿ. ಇಳಿಜಾರು ಸರಿಯಿದ್ದು, ಜಗಲಿಯಿಂದ ಕೋಣೆಗೆ ಮತ್ತೊಂದು ಎತ್ತರದ ಹೊಸ್ತಿಲು ಇದ್ದರೆ ಗಾಲಿಕುರ್ಚಿಯ ಮಗು ಜಗಲಿಯಲ್ಲೇ ಉಳಿಯುತ್ತದೆ. ಅನುಪಾತದ ಪಾಠ ಹೀಗೆ ನ್ಯಾಯದ ಪಾಠವೂ ಆಗುತ್ತದೆ, ಯಾರೂ ಭಾಷಣ ಮಾಡಬೇಕಿಲ್ಲ.

“ಹೊರಗೆ ನಿಲ್ಲು”

ನಮ್ಮ ಶಾಲೆಗಳಲ್ಲಿ ಜಗಲಿಗೆ ಇನ್ನೊಂದು ಬಳಕೆಯೂ ಇದೆ. ಮನೆಗೆಲಸ ಮಾಡದವರು, ತಡವಾಗಿ ಬಂದವರು, ಸಮವಸ್ತ್ರವಿಲ್ಲದವರು, ಮಾತನಾಡಿದವರು ನಿಲ್ಲುವ ಜಾಗ ಅದು. ಕೋಲು ಬಿಟ್ಟ ಮೇಲೆ ಹಲವು ಶಿಕ್ಷಕರಿಗೆ ಉಳಿದ ಅಸ್ತ್ರ ಇದೇ. ಹೊಡೆಯಲಿಲ್ಲವಲ್ಲ, ಹೊರಗೆ ನಿಲ್ಲಿಸಿದೆ ಅಷ್ಟೇ ಎಂಬ ಸಮಾಧಾನ ಬೇರೆ. ಶಿಕ್ಷಣ ಹಕ್ಕು ಕಾಯಿದೆ, 2009ರ 17ನೆಯ ಕಲಮು ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಹೋಗುವ ಬರುವವರೆಲ್ಲ ನೋಡುವಂತೆ ನಲವತ್ತು ನಿಮಿಷ ನಿಂತ ಮಗುವಿಗೆ ಅದು ಯಾವುದು ಎಂದು ಯಾರೂ ವಿವರಿಸಬೇಕಿಲ್ಲ.

ಈ ಊರಿನಲ್ಲಿ ಆ ನಿಲುವಿಗೆ ಇನ್ನೂ ಹೆಚ್ಚಿನ ಭಾರವಿದೆ. ಗಣಿಯಲ್ಲಿ ದುಡಿದವರಲ್ಲಿ ಬಹುಪಾಲು ಮಂದಿ ತಮ್ಮ ಹಳ್ಳಿಗಳಲ್ಲಿ ಜಗಲಿ ಹತ್ತಲು ಬಿಡದ ಸಮುದಾಯಗಳಿಂದ ಬಂದವರು. ಅಂಬೇಡ್ಕರ್ ಅವರು ತಮ್ಮ ಬಾಲ್ಯದ ಶಾಲೆಯಲ್ಲಿ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕುಳಿತದ್ದನ್ನೂ, ಜವಾನ ನಲ್ಲಿ ತಿರುಗಿಸದಿದ್ದರೆ ನೀರಿಲ್ಲದೆ ಇರಬೇಕಾದದ್ದನ್ನೂ ಬರೆದಿಟ್ಟಿದ್ದಾರೆ. ಅದನ್ನು ಬಲ್ಲ ಜನರ ಊರು ಇದು. 20ನೆಯ ಶತಮಾನದ ಮೊದಲ ದಶಕಗಳಲ್ಲೇ ಮಾರಿಕುಪ್ಪಂ ಮತ್ತು ಚಾಂಪಿಯನ್ ರೀಫ್‌ನ ಕಾರ್ಮಿಕರು ಅಯೋತಿದಾಸ ಪಂಡಿತರ ವಿಚಾರಗಳಿಂದ ಪ್ರೇರಿತರಾಗಿ ಬೌದ್ಧ ಸಂಘಗಳನ್ನು ಕಟ್ಟಿಕೊಂಡರು, ಓದುಬರಹಕ್ಕೆ ಮಹತ್ವ ಕೊಟ್ಟರು. ತಮ್ಮ ಮಕ್ಕಳು ಹೊಸ್ತಿಲು ದಾಟಿ ಒಳಗೆ ಕೂರಬೇಕು ಎಂದು ಎರಡು ಮೂರು ತಲೆಮಾರು ಶ್ರಮಿಸಿದ ಮನೆಯ ಮಗುವಿಗೆ “ಹೊರಗೆ ನಿಲ್ಲು” ಎಂದು ಹೇಳುವ ಶಿಕ್ಷಕರು ತಾವು ಏನು ಹೇಳುತ್ತಿದ್ದೇವೆಂದು ತಿಳಿದಿರಬೇಕು. ಅವರ ಉದ್ದೇಶ ಜಾತಿಯದಲ್ಲದಿರಬಹುದು. ಆದರೆ ಜಗಲಿಗೆ ಇತಿಹಾಸವಿದೆ, ಆ ಮಗುವಿನ ಅಜ್ಜಿಗೆ ಅದು ಗೊತ್ತಿದೆ.

ಪ್ರಶಿಕ್ಷಣಾರ್ಥಿಗಳಿಗೆ ಇಲ್ಲಿ ನಿಜವಾದ ಇಕ್ಕಟ್ಟು ಇದೆ. ಶಾಲೆ ಅವರದಲ್ಲ. ಇರುವ ಶಿಕ್ಷಕರು ಆಗಲೇ ಇಬ್ಬರನ್ನು ಹೊರಗೆ ನಿಲ್ಲಿಸಿ ತರಗತಿಯನ್ನು ಒಪ್ಪಿಸಿಹೋದರೆ ಏನು ಮಾಡುವುದು? ವಾದಕ್ಕೆ ಇಳಿಯುವುದು ಬೇಡ. ಆ ಅವಧಿಯ ಹೊಣೆ ಈಗ ನಿಮ್ಮದು. ಮಕ್ಕಳನ್ನು ಒಳಗೆ ಕರೆದು ಕೂರಿಸಿ ಪಾಠ ಆರಂಭಿಸಿ. ಅದನ್ನು ಯಾರಾದರೂ ಪ್ರಶ್ನಿಸಿದರೆ “ನನ್ನ ಪಾಠಯೋಜನೆಯಲ್ಲಿ ಎಲ್ಲ ಮಕ್ಕಳೂ ಇದ್ದಾರೆ” ಎಂದು ವಿನಯದಿಂದ ಹೇಳಬಹುದು. ಆ ಮಾತಿನ ಬೆನ್ನಿಗೆ ಮೇಲ್ವಿಚಾರಕರಾದ ನಾವು ನಿಲ್ಲಬೇಕು.

ಬರಬಹುದಾದ ಆಕ್ಷೇಪಗಳು

ಮೊದಲನೆಯದು: “ಕೋಣೆಯೇ ಇಲ್ಲದೆ ಜಗಲಿಯಲ್ಲಿ ಎರಡು ತರಗತಿ ಕೂರಿಸುವ ಶಾಲೆಗಳಿವೆ. ನೀವು ಜಗಲಿಯನ್ನು ಹೊಗಳಿದರೆ ಆ ಕೊರತೆಗೆ ಒಪ್ಪಿಗೆ ಕೊಟ್ಟಂತಾಗುವುದಿಲ್ಲವೇ?” ಇದು ತೂಕದ ಆಕ್ಷೇಪ. ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿ ಪ್ರತಿ ಶಿಕ್ಷಕರಿಗೂ ಕನಿಷ್ಠ ಒಂದು ತರಗತಿ ಕೋಣೆ ಇರಬೇಕೆನ್ನುತ್ತದೆ. ಅದು ಹಕ್ಕು, ಅದರಲ್ಲಿ ರಾಜಿ ಬೇಡ. ಕೋಣೆಗೆ ಬದಲಾಗಿ ಜಗಲಿ ಎನ್ನುವುದು ಅನ್ಯಾಯ, ಕೋಣೆಯ ಜೊತೆಗೆ ಜಗಲಿ ಎನ್ನುವುದು ನನ್ನ ವಾದ. ಅದೇ ಅನುಸೂಚಿಯಲ್ಲಿ ಶೌಚಾಲಯ, ಕುಡಿಯುವ ನೀರು, ಅಡುಗೆಕೋಣೆ, ಆಟದ ಮೈದಾನ, ಆವರಣಗೋಡೆಗಳ ಹೆಸರಿದೆ, ಜಗಲಿಯ ಹೆಸರಿಲ್ಲ. ಹೆಸರಿಲ್ಲದ್ದನ್ನು ಕಳೆದುಕೊಳ್ಳುವುದು ಸುಲಭ. ಜಗಲಿಯನ್ನು ಅಡ್ಡಗೋಡೆ ಹಾಕಿ ಕಚೇರಿ ಮಾಡುವುದು, ಮುರಿದ ಬೆಂಚುಗಳ ಉಗ್ರಾಣ ಮಾಡುವುದು ನಡೆಯುವುದು ಹೀಗೆಯೇ.

ಎರಡನೆಯದು: ಗದ್ದಲ. ಒಂದು ತರಗತಿ ಜಗಲಿಗೆ ಬಂದರೆ ಪಕ್ಕದ ಮೂರು ತರಗತಿಗಳಿಗೆ ತೊಂದರೆ. ಇದೂ ನಿಜ. ಆದ್ದರಿಂದಲೇ ಯೋಜನೆ ಬೇಕು ಎನ್ನುವುದು. ನಲವತ್ತು ನಿಮಿಷ ಜಗಲಿಯಲ್ಲೇ ಕಳೆಯಬೇಕಿಲ್ಲ. ಏಳೆಂಟು ನಿಮಿಷದ ಅಳತೆ, ಆರು ಮಕ್ಕಳ ಒಂದು ಗುಂಪಿನ ಕೆಲಸ, ಒಬ್ಬ ಮಗುವಿಗೆ ಬೇರೆಯಾಗಿ ಓದಿಸುವುದು ಇವಕ್ಕೆ ಜಗಲಿ ಹೊಂದುತ್ತದೆ. ಮುಖ್ಯ ಶಿಕ್ಷಕರಿಗೂ ಪಕ್ಕದ ತರಗತಿಯವರಿಗೂ ಮುಂಚಿತವಾಗಿ ಹೇಳಿಡುವುದು ಪ್ರಶಿಕ್ಷಣಾರ್ಥಿ ಕಲಿಯಬೇಕಾದ ವೃತ್ತಿಶಿಸ್ತಿನ ಭಾಗವೇ.

ಮೂರನೆಯದು: ಸುರಕ್ಷತೆ. ಜಗಲಿಗೆ ಕಬ್ಬಿಣದ ಜಾಲರಿ ಹಾಕಿ ಬೀಗ ಹಾಕಿದರೆ ಶಾಲೆಯ ಸಾಮಾನು ಉಳಿಯುತ್ತದೆ. ಆದರೆ ಬೇಗ ಬಂದ ಮಕ್ಕಳು ಆ ಜಾಲರಿಯ ಹೊರಗೆ ಬಿಸಿಲಲ್ಲಿ, ಹಿಂಗಾರು ಮಳೆಯಲ್ಲಿ ನಿಲ್ಲುತ್ತಾರೆ. ಕೋಣೆಗಳ ಬಾಗಿಲು ಭದ್ರವಾಗಿರಲಿ, ಜಗಲಿಯ ಒಂದು ಭಾಗವಾದರೂ ತೆರೆದಿರಲಿ ಎಂದು ಶಾಲಾಭಿವೃದ್ಧಿ ಸಮಿತಿಯ ಮುಂದೆ ಮಾತನಾಡಬಹುದು.

ಆಗಬೇಕಾದದ್ದು ಇಷ್ಟು

2014ರ ನಿಯಮಗಳ ಪ್ರಕಾರ ಎರಡು ವರ್ಷದ ಬಿ.ಎಡ್. ಕೋರ್ಸಿನಲ್ಲಿ ಶಾಲೆಯೊಡನೆ ಕಳೆಯಬೇಕಾದ ಅವಧಿ ಕನಿಷ್ಠ 20 ವಾರ. ಇಷ್ಟು ಸಮಯದಲ್ಲಿ ಜಗಲಿಗೆ ಸ್ವಲ್ಪ ಪಾಲು ಕೊಡುವುದು ಕಷ್ಟವಲ್ಲ. ಪಾಠಯೋಜನೆಯ ಮೊದಲ ಪುಟದಲ್ಲಿ “ಪಾಠದ ಸ್ಥಳ” ಎಂಬ ಒಂದು ಅಂಕಣ ಸೇರಿಸೋಣ. ಬೋಧನಾಭ್ಯಾಸದ ಮೊದಲ ವಾರದಲ್ಲಿ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ಮೂರು ದಿನ, ದಿನಕ್ಕೆ ಇಪ್ಪತ್ತು ನಿಮಿಷ, ಶಾಲೆ ಆರಂಭವಾಗುವ ಮೊದಲು ಜಗಲಿಯಲ್ಲಿ ಕುಳಿತು ಕೇಳಿದ್ದನ್ನು ದಿನಚರಿಯಲ್ಲಿ ಬರೆಯಲಿ. ಮಕ್ಕಳ ಹೆಸರು ಬೇಡ, ಆಟ, ಮಾತು, ಭಾಷೆ, ಲೆಕ್ಕ ಇವುಗಳ ವಿವರ ಸಾಕು. ಪ್ರತಿ ವಿಷಯದಲ್ಲೂ ಒಂದು ಪಾಠವನ್ನಾದರೂ ಜಗಲಿಯನ್ನು ಬಳಸಿ ಯೋಜಿಸಲಿ. ನಮ್ಮ ಅವಲೋಕನ ಪಟ್ಟಿಯಲ್ಲಿ ಒಂದು ಪ್ರಶ್ನೆ ಹೆಚ್ಚಾಗಲಿ: “ಪಾಠದ ಅವಧಿಯಲ್ಲಿ ಯಾವುದಾದರೂ ಮಗು ತರಗತಿಯ ಹೊರಗೆ ನಿಂತಿತ್ತೇ?” ಈ ಪ್ರಶ್ನೆಯ ಉತ್ತರ ಬರೆಯಲು ನಾವು ಹಿಂದಿನ ಬೆಂಚಿನಿಂದ ಎದ್ದು ಬಾಗಿಲವರೆಗೆ ಹೋಗಿ ನೋಡಬೇಕಾಗುತ್ತದೆ. ಅಷ್ಟು ನಡೆದರೆ ನಮಗೂ ಒಳ್ಳೆಯದೇ.

ಮಕ್ಕಳು ಶಾಲೆಯನ್ನು ಮೊದಲು ಕಾಣುವುದು ಜಗಲಿಯಿಂದ. ಚಪ್ಪಲಿ ಬಿಡುವುದು, ಕ್ಷೀರಭಾಗ್ಯದ ಹಾಲು ಕುಡಿಯುವುದು, ಸಾಲಾಗಿ ಕುಳಿತು ಒಟ್ಟಿಗೆ ಊಟ ಮಾಡುವುದು ಎಷ್ಟೋ ಶಾಲೆಗಳಲ್ಲಿ ಅಲ್ಲೇ. ಹಳೆಯ ಜಗಲಿಗಳು ಯಾರು ಎಲ್ಲಿ ನಿಲ್ಲಬೇಕೆಂದು ವಿಂಗಡಿಸುತ್ತಿದ್ದವು. ಸರ್ಕಾರಿ ಶಾಲೆಯ ಜಗಲಿಯಲ್ಲಿ ಒಂದೇ ಸಾಲಿನಲ್ಲಿ ತಟ್ಟೆ ಇಟ್ಟುಕೊಂಡು ಕುಳಿತ ಮಕ್ಕಳು ಆ ಲೆಕ್ಕವನ್ನು ಪ್ರತಿದಿನ ಮಧ್ಯಾಹ್ನ ಅಳಿಸುತ್ತಿದ್ದಾರೆ. ನಾಳೆ ಶಿಕ್ಷಕರಾಗುವವರು ಅದೇ ಜಗಲಿಯಲ್ಲಿ ಮತ್ತೆ ಗೆರೆ ಎಳೆಯದಿರಲಿ. ಎಳೆಯುವುದಾದರೆ ಬಿಸಿಲು ಎಲ್ಲಿಯವರೆಗೆ ಬಂತು ಎಂದು ಗುರುತಿಸುವ ಸೀಮೆಸುಣ್ಣದ ಗೆರೆ ಸಾಕು.